ನ್ಯಾನೊಸೆಕೆಂಡ್ ಹಂಚುತ್ತಿದ್ದ ಅಡ್ಮಿರಲ್ ಮತ್ತು ತಡವರಿಸುವ ಕಾರಿನ ಪರದೆ

ಎಪ್ಪತ್ತು ದಾಟಿದ, ಸಣಕಲು ದೇಹದ ಹೆಂಗಸೊಬ್ಬರು ಅಮೆರಿಕದ ನೌಕಾಪಡೆಯ ಯೂನಿಫಾರ್ಮ್ ತೊಟ್ಟು ವೇದಿಕೆಗೆ ಬರುತ್ತಿದ್ದರು. ಕೈಯಲ್ಲಿ ವೈರ್ ತುಂಡುಗಳ ಒಂದು ಕಟ್ಟು. ಒಂದೊಂದು ತುಂಡೂ ಸುಮಾರು 30 ಸೆಂಟಿಮೀಟರ್ ಉದ್ದ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಹೆಚ್ಚೆಂದರೆ ಅಷ್ಟು ದೂರ ಹೋಗಬಲ್ಲದು. ಅವರು ಆ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಆಮೇಲೆ 300 ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ವೈರಿನ ದೊಡ್ಡ ಸುರುಳಿಯನ್ನು ಎತ್ತಿ ತೋರಿಸುತ್ತಿದ್ದರು. ಅದು ಮೈಕ್ರೊಸೆಕೆಂಡ್. ಪ್ರತಿ ಪ್ರೋಗ್ರಾಮರ್‌ನ ಟೇಬಲ್ ಮೇಲೆ ಆ ಸುರುಳಿ ನೇತು ಹಾಕಿದರೆ ತಾನು ಏನನ್ನು ಪೋಲು ಮಾಡುತ್ತಿದ್ದೇನೆ ಅಂತ ಅವನಿಗೆ ಗೊತ್ತಾಗುತ್ತದೆ ಅನ್ನೋದು ಅವರ ವಾದ.

ಅವರೇ ಗ್ರೇಸ್ ಹಾಪರ್. ನಾನು ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷಗಳಲ್ಲಿ ಈ ಹೆಸರು ಕೇಳಿದ್ದು ಒಂದೇ ಸಲ, ಅದೂ ಕಂಪ್ಯೂಟರ್ ಒಳಗೆ ಸಿಕ್ಕಿಕೊಂಡ ಪತಂಗದ ಕಥೆಯಲ್ಲಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಪತಂಗ ಸಿಕ್ಕಿದ್ದು ನಿಜ. ಅದನ್ನು ಲಾಗ್‌ಬುಕ್ಕಿಗೆ ಟೇಪ್ ಹಾಕಿ ಅಂಟಿಸಿದ್ದೂ ನಿಜ. ಆದರೆ ಅದನ್ನು ಹಿಡಿದವರು ಹಾಪರ್ ಅಲ್ಲ, ದೋಷಕ್ಕೆ ಬಗ್ ಅನ್ನುವ ಪದ ಹುಟ್ಟಿದ್ದೂ ಅಂದಲ್ಲ. ಅವರು ಆ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದರು, ಅಷ್ಟೇ. ಇಷ್ಟು ದೊಡ್ಡ ಬದುಕನ್ನು ಒಂದು ಹುಳಕ್ಕೆ ಇಳಿಸಿದ ಪಠ್ಯಪುಸ್ತಕಗಳ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಅವರು ಈಚೆಗೆ ಮತ್ತೆ ನೆನಪಾಗಲು ಕಾರಣ ಎಲೆಕ್ಟ್ರಿಕ್ ಕಾರುಗಳು. ಬೆಂಗಳೂರಿನಲ್ಲಿ ಹತ್ತಿದ ಒಂದು ಎಲೆಕ್ಟ್ರಿಕ್ ಕ್ಯಾಬ್‌ನಲ್ಲಿ ಡ್ರೈವರಣ್ಣ ಎಸಿ ಫ್ಯಾನ್ ಕಡಿಮೆ ಮಾಡಲು ಪರದೆ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಎರಡು ಒತ್ತೂ ಒಟ್ಟಿಗೆ ಬಿದ್ದು ಬೇರೇನೋ ಮೆನು ತೆರೆದುಕೊಂಡಿತು. ಅಷ್ಟು ಹೊತ್ತು ಅವರ ಕಣ್ಣು ಫ್ಲೈಓವರ್ ಮೇಲೆ ಇರಲಿಲ್ಲ. ಇದು ಒಂದು ಕಾರಿನ ಕಥೆಯಲ್ಲ, ಹಾಗಾಗಿ ಕಂಪನಿಯ ಹೆಸರು ಬೇಡ.

ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ಏಳು ವರ್ಷದವರಿದ್ದಾಗ ಮನೆಯ ಅಲಾರಂ ಗಡಿಯಾರ ಹೇಗೆ ಓಡುತ್ತದೆ ಅಂತ ನೋಡಲು ಒಂದನ್ನು ಬಿಚ್ಚಿದರು. ಜೋಡಿಸಲು ಬರಲಿಲ್ಲ. ಅದಕ್ಕೆ ಇನ್ನೊಂದನ್ನು ಬಿಚ್ಚಿದರು. ತಾಯಿಗೆ ಗೊತ್ತಾಗುವಷ್ಟರಲ್ಲಿ ಏಳು ಗಡಿಯಾರ ಚೂರಾಗಿದ್ದವು. 1928ರಲ್ಲಿ ವಾಸರ್ ಕಾಲೇಜಿನಿಂದ ಪದವಿ, 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ. ನಡುವೆ ಮದುವೆ, ವಾಸರ್‌ನಲ್ಲೇ ಪಾಠ ಹೇಳುವ ಕೆಲಸ. ಅಲ್ಲಿಗೆ ಮುಗಿಯಬಹುದಾಗಿದ್ದ, ಯಾರಿಗೂ ಗೊತ್ತಾಗದ, ನೆಮ್ಮದಿಯ ಬದುಕು.

ಯುದ್ಧ ಬಂತು. ಹಾಪರ್ ನೌಕಾಪಡೆಗೆ ಅರ್ಜಿ ಹಾಕಿದರು. ವಯಸ್ಸು ಮೂವತ್ತೈದರ ಆಸುಪಾಸು, ಜಾಸ್ತಿಯಾಯಿತು ಅಂದರು. ತೂಕ ನಿಗದಿಗಿಂತ ಸುಮಾರು ಏಳು ಕಿಲೊ ಕಡಿಮೆ ಅಂದರು. ಹಟ ಬಿಡದೆ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿಯೇಬಿಟ್ಟರು. ಮರುವರ್ಷ ಅವರನ್ನು ಹಾರ್ವರ್ಡ್‌ಗೆ, ಹೋವರ್ಡ್ ಐಕೆನ್ ಅವರ ಮಾರ್ಕ್ 1 ಯಂತ್ರದ ಮುಂದೆ ತಂದು ನಿಲ್ಲಿಸಿದರು. 51 ಅಡಿ ಉದ್ದ, 8 ಅಡಿ ಎತ್ತರದ ಯಂತ್ರ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ, ಒಂದು ಗುಣಾಕಾರಕ್ಕೆ ಆರು ಸೆಕೆಂಡ್, ಭಾಗಾಕಾರಕ್ಕೆ ಹದಿನೈದು. ಅದರ 500ಕ್ಕೂ ಹೆಚ್ಚು ಪುಟಗಳ ಕೈಪಿಡಿ ಬರೆಯುವ ಕೆಲಸವೂ ಹಾಪರ್ ತಲೆಗೇ ಬಿತ್ತು. ಗನ್ ಗುರಿಯ ಕೋಷ್ಟಕಗಳು ಆ ಯಂತ್ರದಲ್ಲಿ ತಯಾರಾದವು. 1944ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ತಂದ ಲೆಕ್ಕವೊಂದೂ ಅದರ ಮೇಲೆ ಓಡಿತು. ನಾಗಸಾಕಿ ಮೇಲೆ ಬಿದ್ದ ಬಾಂಬಿನ ಒಳಸ್ಫೋಟಕ್ಕೆ ಸಂಬಂಧಿಸಿದ ಲೆಕ್ಕ ಅದು. ಹಾಪರ್ ಅವರನ್ನು ಪೋಸ್ಟರ್ ಮೇಲೆ ಅಂಟಿಸಿ ಆರಾಧಿಸುವವರು ಇದನ್ನೂ ಜತೆಗಿಟ್ಟುಕೊಂಡೇ ನೋಡಬೇಕು. ಅವರು ಸೇನೆಯ ಮನುಷ್ಯರು, ಕೊನೆಯವರೆಗೂ.

ಯುದ್ಧ ಮುಗಿದ ಮೇಲೆ ಪತಿಯಿಂದ ವಿಚ್ಛೇದನವಾಯಿತು. ನೌಕಾಪಡೆ ಖಾಯಂ ಹುದ್ದೆ ಕೊಡಲಿಲ್ಲ, ವಯಸ್ಸಿನ ನೆಪ. ಹಾರ್ವರ್ಡ್‌ನಲ್ಲಿ ಹೆಂಗಸರಿಗೆ ಖಾಯಂ ಜಾಗವೇ ಇರಲಿಲ್ಲ. 1949ರಲ್ಲಿ ಅಲ್ಲಿಂದ ಹೊರಬಿದ್ದಾಗ ಕುಡಿತವೂ ಅಂಟಿಕೊಂಡಿತ್ತು ಅಂತ ಜೀವನಚರಿತ್ರೆಕಾರರು ಬರೆದಿದ್ದಾರೆ. ಆ ಸ್ಥಿತಿಯಲ್ಲೇ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಯುನಿವ್ಯಾಕ್ ತಯಾರಾಗುತ್ತಿದ್ದ ಜಾಗ ಅದು.

ಅವರು ಮಾಡಿದ ದೊಡ್ಡ ಕೆಲಸ ಶುರುವಾದದ್ದು ಇಲ್ಲಿ, ಅದೂ ಒಂದು ಕ್ಷುಲ್ಲಕ ಅನ್ನಿಸುವ ಗಮನಿಕೆಯಿಂದ. ಪ್ರೋಗ್ರಾಮರುಗಳು ಒಮ್ಮೆ ಬರೆದ ಕೋಡಿನ ತುಂಡನ್ನು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡು ಬೇಕಾದಾಗ ಕೈಯಲ್ಲೇ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ತಪ್ಪುತ್ತಿದ್ದರು, ವಿಳಾಸಗಳನ್ನು ಕೂಡುವಾಗಲೂ ತಪ್ಪುತ್ತಿದ್ದರು. ನಕಲು ಮಾಡೋದು, ಕೂಡೋದು ಯಂತ್ರದ ಕೆಲಸ ತಾನೇ, ಮನುಷ್ಯ ಯಾಕೆ ಮಾಡಬೇಕು? 1952ರಲ್ಲಿ ಎ-0 ಸಿದ್ಧವಾಯಿತು. ಇವತ್ತಿನ ಲೆಕ್ಕದಲ್ಲಿ ಅದು ಪೂರ್ತಿ ಕಂಪೈಲರ್ ಅಲ್ಲ, ಲಿಂಕರ್‌ಗೆ ಹತ್ತಿರದ್ದು. ಆದರೂ ಕಂಪ್ಯೂಟರು ತನ್ನ ಪ್ರೋಗ್ರಾಮನ್ನು ತಾನೇ ಜೋಡಿಸಿಕೊಳ್ಳುತ್ತದೆ ಅಂದರೆ ನಂಬುವವರೇ ಇರಲಿಲ್ಲ.

ಮುಂದಿನ ಹೆಜ್ಜೆ ಇನ್ನೂ ಕಷ್ಟದ್ದು. ಲೆಕ್ಕಪತ್ರ ನೋಡುವವರು ಗಣಿತದ ಚಿಹ್ನೆಗಳಿಗೆ ಹೆದರುತ್ತಾರೆ, ಅವರಿಗೆ ಇಂಗ್ಲಿಷ್ ಪದಗಳಲ್ಲೇ ಬರೆಯುವ ಅವಕಾಶ ಬೇಕು ಅಂತ ಹಾಪರ್ ಹೊರಟರು. ಕಂಪ್ಯೂಟರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಅಂತ ಮೇಲಿನವರು ಬಾಗಿಲು ಹಾಕಿದರು. ಆಗ ಅವರು ಒಂದು ಡೆಮೊ ಮಾಡಿದರು. ಒಂದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ, ಜರ್ಮನ್‌ನಲ್ಲಿ ಓಡಿಸಿ ತೋರಿಸಿದರು. ಯಂತ್ರಕ್ಕೆ ಎಲ್ಲ ಭಾಷೆಯೂ ಬರೀ ಗುರುತುಗಳ ಸಾಲು, ಯಾವುದಾದರೂ ಒಂದೇ. ಮೇಲಿನವರು ಇನ್ನಷ್ಟು ಗಾಬರಿಯಾದರಂತೆ: ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಅಮೆರಿಕನ್ ಕಂಪ್ಯೂಟರು ಪರದೇಶದ ಭಾಷೆ ಮಾತಾಡುವುದೇ! ಕನ್ನಡ ಕಷ್ಟ, ತಾಂತ್ರಿಕವಾಗಿ ಆಗಲ್ಲ ಅಂತ ಇವತ್ತಿಗೂ ಹೇಳುವ ಆ್ಯಪ್ ಕಂಪನಿಗಳಿಗೆ ಈ ಕಥೆ ಹೇಳಬೇಕು. ಕೊನೆಗೆ ಹಾಪರ್ ಇಂಗ್ಲಿಷಿನದ್ದಷ್ಟೇ ಮಾಡುತ್ತೇನೆ ಅಂತ ಒಪ್ಪಿಸಿ ಫ್ಲೋ-ಮ್ಯಾಟಿಕ್ ತಂದರು. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಬೆಂಬಲಿಸಿದ ಸಮಿತಿ ಕೋಬಾಲ್ ರೂಪಿಸಿದಾಗ ಅದರ ಬುನಾದಿಯಲ್ಲಿ ಇದ್ದದ್ದು ಅದೇ. ನಾಲ್ಕು ದಶಕದ ಬಳಿಕ ವೈ2ಕೆ ಭಯದಲ್ಲಿ ಹಳೆಯ ಕೋಬಾಲ್ ಸಾಲುಗಳನ್ನು ತಿದ್ದುವ ಕೆಲಸ ಬೆಂಗಳೂರಿಗೂ ಹರಿದು ಬಂತು. ನಮ್ಮ ಐಟಿಯವರ ಎಷ್ಟೋ ಸೈಟು, ಫ್ಲಾಟುಗಳ ಹಿಂದೆ ಹಾಪರ್ ಇದ್ದಾರೆ.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರುತ್ತೇನೆ. ಕಂಪೈಲರ್ ಬಳಸಿದರೆ ಯಂತ್ರದ ಸಮಯ ಪೋಲಾಗುತ್ತದೆ, ಕೈಯಲ್ಲಿ ಬರೆದ ಕೋಡೇ ವೇಗ ಅನ್ನೋದು ಆ ಕಾಲದ ದೊಡ್ಡ ಆಕ್ಷೇಪ. ಹಾಪರ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮತ್ತೆ ಇದೇ ಹಾಪರ್ ಮುಪ್ಪಿನಲ್ಲಿ ವೈರ್ ಹಂಚುತ್ತಾ ಮೈಕ್ರೊಸೆಕೆಂಡ್ ಪೋಲು ಮಾಡಬೇಡಿ ಅನ್ನುತ್ತಾರೆ. ವಿರೋಧಾಭಾಸ ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಯಂತ್ರದ ಸಮಯವನ್ನು ಮನುಷ್ಯನ ಸಮಯ ಉಳಿಸಲು ಖರ್ಚು ಮಾಡಿದರೆ ಅವರಿಗೆ ಒಪ್ಪಿಗೆ. ಅಸಡ್ಡೆಯಿಂದ ಪೋಲು ಮಾಡಿ, ಆಮೇಲೆ ಮನುಷ್ಯನನ್ನು ಕಾಯಿಸಿದರೆ ಒಪ್ಪಿಗೆ ಇಲ್ಲ.

ಕಾರಿನ ಪರದೆಯಲ್ಲಿ ಆಗುತ್ತಿರುವುದು ಎರಡನೆಯದು. ಬೆರಳು ಮುಟ್ಟಿದ ಮೇಲೆ ಸುಮಾರು 100 ಮಿಲಿಸೆಕೆಂಡಿನೊಳಗೆ ಪರದೆ ಬದಲಾದರೆ ತಕ್ಷಣ ಆಯಿತು ಅನ್ನಿಸುತ್ತದೆ. ಆ 100 ಮಿಲಿಸೆಕೆಂಡ್ ಅಂದರೆ ಹಾಪರ್ ಅವರ ಹತ್ತು ಕೋಟಿ ತುಂಡುಗಳು, ಉದ್ದಕ್ಕೆ ಜೋಡಿಸಿದರೆ 30,000 ಕಿಲೊಮೀಟರ್. ಚಿಪ್‌ಗೆ ಧಾರಾಳ ಸಮಯ. ಅದನ್ನೂ ಮೀರಿ ಎರಡು ಸೆಕೆಂಡ್ ತಡವಾದರೆ, ಗಂಟೆಗೆ 100 ಕಿಲೊಮೀಟರ್ ವೇಗದ ಕಾರು ಅಷ್ಟರಲ್ಲಿ 55 ಮೀಟರ್ ಹೋಗಿರುತ್ತದೆ. 2022ರಲ್ಲಿ ಸ್ವೀಡನ್ನಿನ ವಿ ಬಿಲಾಗರೆ ಪತ್ರಿಕೆ 110 ಕಿಲೊಮೀಟರ್ ವೇಗದಲ್ಲಿ ಹೋಗುತ್ತಾ ಕೆಲವು ಸಾಮಾನ್ಯ ಕೆಲಸಗಳನ್ನು ಮಾಡಿಸಿ ನೋಡಿತು. ಬಟನ್‌ಗಳಿದ್ದ 2005ರ ಹಳೆಯ ವೋಲ್ವೊದಲ್ಲಿ 10 ಸೆಕೆಂಡ್ ಸಾಕಾಯಿತು. ಪರದೆ ನೆಚ್ಚಿಕೊಂಡ ಎಲೆಕ್ಟ್ರಿಕ್ ಎಂಜಿ ಮಾರ್ವೆಲ್ ಆರ್‌ನಲ್ಲಿ 44.9 ಸೆಕೆಂಡ್. ಅಷ್ಟರಲ್ಲಿ ಕಾರು 1,372 ಮೀಟರ್ ದಾಟಿತ್ತು.

ಚಿಪ್ ಯಾಕೆ ಸೋಲುತ್ತದೆ? ಫೋನನ್ನು ನಾವು ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸುತ್ತೇವೆ, ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುತ್ತೇವೆ. ಕಾರಿನ ಚಿಪ್ ಬಿಸಿಲು, ಚಳಿ, ಕುಲುಕಾಟ ಎಲ್ಲ ತಡೆಯಬೇಕು, ಆ ಪರೀಕ್ಷೆಗಳು ಮುಗಿದು ಕಾರು ರಸ್ತೆಗೆ ಇಳಿಯುವಾಗಲೇ ಅದು ಹಳೆಯದಾಗಿರುತ್ತದೆ. ಆಮೇಲೆ ವರ್ಷವರ್ಷವೂ ಹೊಸ ಸಾಫ್ಟ್‌ವೇರ್ ಅದೇ ಚಿಪ್ಪಿನ ಬೆನ್ನ ಮೇಲೆ. ಟೆಸ್ಲಾದ ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳಲ್ಲಿ ಎನ್‌ವಿಡಿಯಾದ ಟೆಗ್ರಾ 3 ಇತ್ತು, 2012ರ ನೆಕ್ಸಸ್ 7 ಟ್ಯಾಬ್ಲೆಟ್ಟಿನಲ್ಲಿ ಇದ್ದದ್ದೇ. ಜತೆಗೆ 8 ಜಿಬಿ ಫ್ಲ್ಯಾಶ್ ಮೆಮೊರಿ. ಫ್ಲ್ಯಾಶ್ ಅಂದರೆ ಸ್ಲೇಟಿನಂತೆ ಅಳಿಸಿ ಬರೆಯುವಂಥದ್ದು, ಆದರೆ ಅಳಿಸುವುದಕ್ಕೂ ಮಿತಿ ಇದೆ, ಇದರದ್ದು ಸುಮಾರು 3,000 ಸಲ. ಕಾರು ದಿನವೂ ಬರೆಯುತ್ತಲೇ ಹೋಯಿತು, ಸ್ಲೇಟು ಸವೆಯಿತು. ಹಿಂಬದಿ ಕ್ಯಾಮೆರಾ ಇಲ್ಲ, ಗಾಜಿನ ಮಂಜು ಕರಗಿಸುವ ಹಿಡಿತವೂ ಇಲ್ಲ. 2021ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಒತ್ತಾಯಿಸಿದ ಮೇಲೆ ಸುಮಾರು 1.35 ಲಕ್ಷ ಕಾರುಗಳನ್ನು ವಾಪಸ್ ಕರೆಯಲಾಯಿತು. 2022ರಲ್ಲಿ ಹೊಸ, ಬಲವಾದ ಎಎಂಡಿ ಚಿಪ್ ಇದ್ದ ಸುಮಾರು 1.3 ಲಕ್ಷ ಕಾರುಗಳ ಸರದಿ. ಫಾಸ್ಟ್ ಚಾರ್ಜಿಂಗ್ ವೇಳೆ ಚಿಪ್ ಸಾಕಷ್ಟು ತಂಪಾಗದೆ ಪರದೆ ನಿಧಾನವಾಗುತ್ತಿತ್ತು, ಇಲ್ಲವೇ ಪೂರ್ತಿ ಕಪ್ಪಾಗುತ್ತಿತ್ತು.

ಗಮನಿಸಿ, ಎರಡೂ ಸಲ ಹೊರಗಿನ ಒಂದು ಸಾರ್ವಜನಿಕ ಸಂಸ್ಥೆಯ ಕಡತಕ್ಕೆ ವಿಷಯ ಹೋಯಿತು. ಹಾಪರ್ ಬದುಕಿನ ಕಡಿಮೆ ಗೊತ್ತಿರುವ ಅಧ್ಯಾಯ ಇದಕ್ಕೇ ಸಂಬಂಧಿಸಿದ್ದು. 1966ರ ಕೊನೆಗೆ ಅರವತ್ತನೇ ವಯಸ್ಸಿನಲ್ಲಿ ನೌಕಾಪಡೆ ಅವರನ್ನು ನಿವೃತ್ತಿಗೊಳಿಸಿತು. ಮರುವರ್ಷ ಆಗಸ್ಟಿನಲ್ಲಿ ಆರು ತಿಂಗಳಿಗೆ ಅಂತ ವಾಪಸ್ ಕರೆಯಿತು. ಆ ಆರು ತಿಂಗಳು ಹೆಚ್ಚುಕಡಿಮೆ ಹತ್ತೊಂಬತ್ತು ವರ್ಷ ನಡೆಯಿತು. ಕರೆಸಿದ್ದು ಯಾಕೆ? ಒಂದೊಂದು ಕಂಪನಿಯ ಕೋಬಾಲ್ ಒಂದೊಂದು ಥರ ಇತ್ತು. ಒಬ್ಬರ ಯಂತ್ರಕ್ಕೆ ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಓಡುತ್ತಿರಲಿಲ್ಲ. ಒಮ್ಮೆ ಕೊಂಡರೆ ಅದೇ ಕಂಪನಿಗೆ ಕಟ್ಟುಬಿದ್ದಂತೆ. ಹಾಪರ್ ತಂಡ ಪರೀಕ್ಷೆಯ ಪ್ರೋಗ್ರಾಮುಗಳನ್ನೇ ಬರೆಯಿತು. ನಿಮ್ಮ ಕಂಪೈಲರ್ ಸ್ಟ್ಯಾಂಡರ್ಡ್ ಪ್ರಕಾರ ಇದೆಯಾ, ಇಲ್ಲವಾ, ಓಡಿಸಿ ನೋಡೋಣ. ಕಂಪನಿಯ ಬ್ರೋಷರ್ ಅಲ್ಲ, ಕೊಳ್ಳುವವನ ಪರೀಕ್ಷೆ. ಆ ಪರೀಕ್ಷೆ ಮುಂದೆ ಅಮೆರಿಕದ ಸರ್ಕಾರಿ ಖರೀದಿಯ ಭಾಗವೇ ಆಯಿತು.

ನನಗೆ ವೈರ್ ತುಂಡಿಗಿಂತ ಈ ಕೆಲಸವೇ ದೊಡ್ಡದು. ಯುರೋಪಿನಲ್ಲಿ ಯೂರೊ ಎನ್‌ಕ್ಯಾಪ್ 2026ರಿಂದ ಐದು ನಕ್ಷತ್ರ ಬೇಕಿದ್ದರೆ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್, ತುರ್ತು ಕರೆ ಇವುಗಳಿಗೆ ಕೈಗೆ ಸಿಗುವ ಬಟನ್ ಅಥವಾ ಲಿವರ್ ಇರಬೇಕು ಅಂದಿದೆ. 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಡಿಕ್ಕಿಯನ್ನು ಅಳೆಯುತ್ತದೆ. ಪರದೆ ಎಷ್ಟು ಬೇಗ ಉತ್ತರಿಸುತ್ತದೆ ಅನ್ನುವುದನ್ನು ಡಿಕ್ಕಿಗೆ ಮುಂಚಿನ ವಿಷಯವಾಗಿ ಅಳೆಯುವುದು ಅಸಾಧ್ಯದ ಕೆಲಸವೇನಲ್ಲ, ಒಂದು ಸ್ಟಾಪ್‌ವಾಚ್ ಸಾಕು. ಮೂರು ವರ್ಷ ಹಳೆಯ ಕಾರಿನಲ್ಲಿ, ಎಲ್ಲ ಅಪ್‌ಡೇಟ್ ಹಾಕಿದ ಮೇಲೆ, ಮಧ್ಯಾಹ್ನದ ರಾಯಚೂರಿನ ಬಿಸಿಲಲ್ಲಿ ಫಾಸ್ಟ್ ಚಾರ್ಜಿಂಗ್ ಮುಗಿದ ತಕ್ಷಣ ಅಳೆಯಬೇಕು. ಶೋರೂಮಿನ ಎಸಿಯಲ್ಲಿ ಎಲ್ಲ ಪರದೆಯೂ ಚುರುಕಾಗಿಯೇ ಇರುತ್ತದೆ. ಚಿಪ್ಪಿನಲ್ಲಿ ಉಳಿಸಿದ ದುಡ್ಡು ಕಂಪನಿಗೆ, ಆ ತಡದ ಅಪಾಯ ಡ್ರೈವರಿಗೆ ಮತ್ತು ರಸ್ತೆ ದಾಟುವವರಿಗೆ. ಈ ಹಂಚಿಕೆಯನ್ನು ಯಾರೂ ಮತಕ್ಕೆ ಹಾಕಿಲ್ಲ.

ಹಾಪರ್ ತಮ್ಮನ್ನು ಸ್ತ್ರೀವಾದಿ ಅಂತ ಕರೆದುಕೊಂಡವರಲ್ಲ. ಗೋಡೆಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರ ಇಟ್ಟುಕೊಂಡು, ಮೊದಲಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಅನ್ನುವವರ ಜತೆ ಜಗಳ ಆಡುತ್ತಿದ್ದರು. 1986ರ ಆಗಸ್ಟಿನಲ್ಲಿ, 79ನೇ ವಯಸ್ಸಿನಲ್ಲಿ, ಬಾಸ್ಟನ್ನಿನ ಹಳೆಯ ಹಡಗು ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಮೇಲೆ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ನಿವೃತ್ತರಾಗಿ ಸುಮ್ಮನಿರಲಿಲ್ಲ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಸೇರಿ ಭಾಷಣ ಮುಂದುವರಿಸಿದರು. 1992ರ ಜನವರಿ 1ರಂದು ತೀರಿಕೊಂಡರು.

2017ರಲ್ಲಿ ಯೇಲ್ ವಿಶ್ವವಿದ್ಯಾಲಯ ಗುಲಾಮಗಿರಿಯ ಸಮರ್ಥಕ ಜಾನ್ ಕ್ಯಾಲ್‌ಹೂನ್ ಹೆಸರಿನ ಕಾಲೇಜಿಗೆ ಹಾಪರ್ ಹೆಸರಿಟ್ಟಿತು, ವಿದ್ಯಾರ್ಥಿಗಳ ದೀರ್ಘ ಹೋರಾಟದ ಬಳಿಕ. ಎನ್‌ವಿಡಿಯಾ ತನ್ನ ಎಐ ಚಿಪ್ಪುಗಳ ಪೀಳಿಗೆಗೆ 2022ರಲ್ಲಿ ಹಾಪರ್ ಅಂತಲೂ, ಜೋಡಿಯಾಗಿ ಬರುವ ಪ್ರೊಸೆಸರ್‌ಗೆ 2021ರಲ್ಲೇ ಗ್ರೇಸ್ ಅಂತಲೂ ಹೆಸರಿಟ್ಟಿತು. ಟೆಗ್ರಾ 3 ಮಾಡಿದ ಅದೇ ಎನ್‌ವಿಡಿಯಾ. ಅವರು ಹಂಚಿ ಉಳಿದ ವೈರ್ ತುಂಡುಗಳ ಒಂದು ಕಟ್ಟು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಆ ಪತಂಗ ಅಂಟಿಸಿದ ಲಾಗ್‌ಬುಕ್ ಕೂಡ ಅಲ್ಲೇ ಇದೆ.