ಲೆಕ್ಕ ತಾಳೆಯಾಗದ ಟೆಲ್ಲರ್: ಓ. ಹೆನ್ರಿಯ ಹೊಂಡುರಾಸ್ ದಿನಗಳು

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಒಂದು ದಿನವಾದರೂ ಕುಳಿತವರಿಗೆ ಸಂಜೆಯ ಆ ಗಳಿಗೆ ಗೊತ್ತಿರುತ್ತದೆ. ನೋಟು ಎಣಿಸಿ ಮುಗಿದಿದೆ. ಪುಸ್ತಕದ ಮೊತ್ತ ಒಂದು, ಪೆಟ್ಟಿಗೆಯ ಮೊತ್ತ ಇನ್ನೊಂದು. ಮತ್ತೆ ಎಣಿಸಬೇಕು, ವೋಚರುಗಳನ್ನು ಒಂದೊಂದಾಗಿ ತಿರುವಬೇಕು. ಐವತ್ತೋ ನೂರೋ ಕಡಿಮೆ ಬಂದರೆ ಕಿಸೆಯಿಂದ ತುಂಬಿ ಮನೆಗೆ ಹೋಗಬಹುದು. ಮೊತ್ತ ದೊಡ್ಡದಾದರೆ ಆ ರಾತ್ರಿ ನಿದ್ದೆಯಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1894ರಲ್ಲಿ ಹೀಗೆ ಲೆಕ್ಕ ತಾಳೆಯಾಗದೆ ಕೆಲಸ ಕಳೆದುಕೊಂಡ ಒಬ್ಬ ಟೆಲ್ಲರ್ ಇದ್ದ. ಹೆಸರು ವಿಲಿಯಂ ಸಿಡ್ನಿ ಪೋರ್ಟರ್. ಜಗತ್ತು ಆತನನ್ನು ಬಲ್ಲದ್ದು ಓ. ಹೆನ್ರಿ ಎಂಬ ಹೆಸರಿನಿಂದ.

ಓ. ಹೆನ್ರಿಯ ಒಂದಾದರೂ ಕತೆಯನ್ನು ಶಾಲೆಯ ಇಂಗ್ಲಿಷ್ ಪಠ್ಯದಲ್ಲಿ ಓದಿದವರು ನಮ್ಮಲ್ಲಿ ಬಹಳ. ಗೋಡೆಯ ಮೇಲಿನ ಬಳ್ಳಿಯ ಕೊನೆಯ ಎಲೆ, ಗಂಡನ ಉಡುಗೊರೆಗಾಗಿ ತಲೆಗೂದಲು ಮಾರಿದ ಹೆಂಡತಿ - ಇಷ್ಟು ಹೇಳಿದರೆ ಸಾಕು, ನೆನಪಾಗುತ್ತದೆ. ಹಿಂದಿ ಚಿತ್ರರಂಗವೂ ಆತನನ್ನು ಬಿಟ್ಟಿಲ್ಲ. 2004ರ ರೇನ್‌ಕೋಟ್, 2013ರ ಲುಟೇರಾ ಚಿತ್ರಗಳ ಬೇರು ಈ ಎರಡು ಕತೆಗಳಲ್ಲೇ ಇದೆ. ಇವೆರಡೂ ನ್ಯೂಯಾರ್ಕಿನ ಕತೆಗಳು. ಆದರೆ ಆತನ ಮೊದಲ ಪುಸ್ತಕ ನ್ಯೂಯಾರ್ಕಿನದ್ದಲ್ಲ, ಅಮೆರಿಕದ್ದೂ ಅಲ್ಲ. ಬಾಳೆಹಣ್ಣಿನ ಹಡಗು ಬಂದರಷ್ಟೇ ಎಚ್ಚರವಾಗುವ, ಕೆರಿಬಿಯನ್ ಕಡಲಿನ ಒಂದು ಸಣ್ಣ ಊರಿನ ಕತೆ ಅದು. ಆ ಊರನ್ನು ಆತ ನೋಡಿದ್ದು ಪ್ರವಾಸಿಯಾಗಿ ಅಲ್ಲ, ತಲೆಮರೆಸಿಕೊಂಡ ಆರೋಪಿಯಾಗಿ.

ಪೋರ್ಟರ್ ಹುಟ್ಟಿದ್ದು 1862ರ ಸೆಪ್ಟೆಂಬರ್ 11ರಂದು, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ. ತಂದೆ ವೈದ್ಯ. ಮೂರು ವರ್ಷದವನಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು. ಬೆಳೆಸಿದ್ದು ಅಜ್ಜಿ ಮತ್ತು ಶಾಲೆ ನಡೆಸುತ್ತಿದ್ದ ಅತ್ತೆ. ಸಂಬಂಧಿಯ ಔಷಧಿ ಅಂಗಡಿಯಲ್ಲಿ ದುಡಿದು 19ನೇ ವಯಸ್ಸಿಗೆ ಫಾರ್ಮಸಿಸ್ಟ್ ಪರವಾನಗಿ ಪಡೆದ. ಈ ಪರವಾನಗಿ ಮುಂದೆ ಎಲ್ಲಿ ಕೆಲಸಕ್ಕೆ ಬಂತೆಂಬುದನ್ನು ಓದುಗರು ನೋಡಲಿದ್ದಾರೆ. ಕೆಮ್ಮು ಬಿಡದ ಕಾರಣ 1882ರಲ್ಲಿ ಟೆಕ್ಸಾಸಿನ ಒಣ ಹವೆಗೆ ಹೋಗಿ ಕುರಿ ಸಾಕುವ ರ್‍ಯಾಂಚಿನಲ್ಲಿದ್ದ. ಅಲ್ಲಿನ ಕೆಲಸಗಾರರಿಂದ ಸ್ಪ್ಯಾನಿಷ್ ಕಲಿತ. ಅನಂತರ ಆಸ್ಟಿನ್. 1887ರಲ್ಲಿ ಎಥೊಲ್ ಎಸ್ಟೆಸ್ ಎಂಬ ಹುಡುಗಿಯನ್ನು ಆಕೆಯ ಮನೆಯವರಿಗೆ ತಿಳಿಸದೆ ಮದುವೆಯಾದ. ಆಕೆಗೂ ಕ್ಷಯ. ಮೊದಲ ಮಗು ಹುಟ್ಟಿದ ದಿನವೇ ತೀರಿಕೊಂಡಿತು. 1889ರಲ್ಲಿ ಮಗಳು ಮಾರ್ಗರೆಟ್ ಹುಟ್ಟಿದಳು.

ಸರಕಾರಿ ಭೂದಾಖಲೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ತಿಂಗಳಿಗೆ 100 ಡಾಲರಿನದ್ದು. ಸರಕಾರ ಬದಲಾದಾಗ 1891ರಲ್ಲಿ ಅದು ಹೋಯಿತು. ಅದೇ ಸಂಬಳಕ್ಕೆ ಆಸ್ಟಿನ್‌ನ ಫಸ್ಟ್ ನ್ಯಾಶನಲ್ ಬ್ಯಾಂಕಿನಲ್ಲಿ ಟೆಲ್ಲರ್ ಆಗಿ ಸೇರಿದ. ಆ ಬ್ಯಾಂಕಿನ ವ್ಯವಹಾರ ಸಡಿಲವಾಗಿತ್ತೆಂದು ಜೀವನಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಪೋರ್ಟರನ ಗಮನವೂ ಲೆಡ್ಜರಿನ ಮೇಲಿರಲಿಲ್ಲ. 1894ರಲ್ಲಿ ದಿ ರೋಲಿಂಗ್ ಸ್ಟೋನ್ ಎಂಬ ಹಾಸ್ಯ ವಾರಪತ್ರಿಕೆಯನ್ನು ಬೇರೆ ಶುರು ಮಾಡಿದ್ದ. ಬರೆಯುವುದು, ಚಿತ್ರ ಬಿಡಿಸುವುದು ಎಲ್ಲ ತಾನೇ. ಪತ್ರಿಕೆ ನಡೆಸಿದವರಿಗೆ ಗೊತ್ತು, ಅದು ಹಣ ತರುವ ಉದ್ಯೋಗವಲ್ಲ, ತಿನ್ನುವ ಉದ್ಯೋಗ. ಅದೇ ವರ್ಷ ಬ್ಯಾಂಕಿನಲ್ಲಿ ಕೊರತೆ ಕಂಡುಬಂದು ಕೆಲಸ ಹೋಯಿತು. ಆಗ ಮೊಕದ್ದಮೆ ಆಗಲಿಲ್ಲ. 1895ರ ಏಪ್ರಿಲ್‌ನಲ್ಲಿ ಪತ್ರಿಕೆಯೂ ನಿಂತು, ಪೋರ್ಟರ್ ಹ್ಯೂಸ್ಟನ್ನಿಗೆ ಹೋಗಿ ಪೋಸ್ಟ್ ಪತ್ರಿಕೆಯಲ್ಲಿ ಅಂಕಣ ಬರೆಯತೊಡಗಿದ. ಜನ ಓದಿದರು, ಸಂಬಳ ಏರಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಕೇಂದ್ರ ಸರಕಾರದ ಲೆಕ್ಕ ತಪಾಸಿಗರು ಹಳೆಯ ಪುಸ್ತಕಗಳನ್ನು ತೆರೆದರು. 1896ರಲ್ಲಿ ಬಂಧನವಾಯಿತು. ಮಾವ ಜಾಮೀನು ಕೊಟ್ಟು ಬಿಡಿಸಿದ.

ಜುಲೈ 7ಕ್ಕೆ ವಿಚಾರಣೆ ಗೊತ್ತಾಗಿತ್ತು. ಹಿಂದಿನ ದಿನ ಹ್ಯೂಸ್ಟನ್ನಿನಿಂದ ಆಸ್ಟಿನ್‌ಗೆ ರೈಲು ಹತ್ತಿದ ಪೋರ್ಟರ್, ನಡುವೆ ರೈಲು ಬದಲಿಸುವ ಕಡೆ ಇಳಿದು ಎದುರು ದಿಕ್ಕಿನ ರೈಲು ಹಿಡಿದ. ನ್ಯೂ ಆರ್ಲಿಯನ್ಸ್ ತಲುಪಿ ಅಲ್ಲಿಂದ ಹಡಗಿನಲ್ಲಿ ಹೊಂಡುರಾಸ್ ದೇಶಕ್ಕೆ ಹೋದ. ಆರೋಪಿಗಳನ್ನು ಹಿಡಿದು ಒಪ್ಪಿಸುವ ಕರಾರು ಆ ದೇಶಕ್ಕೂ ಅಮೆರಿಕಕ್ಕೂ ಆಗ ಇರಲಿಲ್ಲ. ನಿರಪರಾಧಿಯಾಗಿದ್ದರೆ ಓಡಿದ್ದೇಕೆ ಎಂಬ ಪ್ರಶ್ನೆಗೆ ಇಂದಿಗೂ ತೃಪ್ತಿಕರ ಉತ್ತರವಿಲ್ಲ. ಓಡಿದ್ದೇ ಆತನ ವಿರುದ್ಧದ ದೊಡ್ಡ ಸಾಕ್ಷಿಯಾಯಿತು ಎಂಬುದಂತೂ ನಿಜ. ಹಿಂದೆ ಉಳಿದವರು ರೋಗಿ ಹೆಂಡತಿ ಮತ್ತು ಏಳು ತುಂಬದ ಮಗಳು.

ಆತ ತಂಗಿದ್ದು ಟ್ರುಹಿಯೊ ಎಂಬ ಕಡಲ ತೀರದ ಊರಿನಲ್ಲಿ. ಹಳೆಯ ಸ್ಪ್ಯಾನಿಷ್ ಕೋಟೆಯ ಊರು. ನಿಕರಾಗುವಾಕ್ಕೆ ತಾನೇ ಅಧ್ಯಕ್ಷನೆಂದು ಮೆರೆದ ಅಮೆರಿಕದ ಸಾಹಸಿ ವಿಲಿಯಂ ವಾಕರನನ್ನು 1860ರಲ್ಲಿ ಗುಂಡಿಟ್ಟು ಕೊಂದದ್ದೂ ಇಲ್ಲಿಯೇ. ತೆಂಗಿನ ಸಾಲು, ಹಿಂದೆ ಹಸಿರು ಬೆಟ್ಟ, ಮುಂದೆ ಕಡಲು. ನಮ್ಮ ಕರಾವಳಿಯವರಿಗೆ ಮನೆಯೇ ಎನಿಸುವಂಥ ನೋಟ. ಆದರೆ ಊರಿಗೆ ಮರಳಲಾಗದವನಿಗೆ ತೆಂಗಿನ ಮರವೂ ಜೈಲಿನ ಸರಳೇ. ಆ ತೀರದ ಅನ್ನ ಬಾಳೆಹಣ್ಣಿನಿಂದ. ಹಡಗು ಬಂದು ಗೊನೆ ತುಂಬಿಕೊಂಡು ನ್ಯೂ ಆರ್ಲಿಯನ್ಸಿಗೆ ಹೋಗುತ್ತದೆ. ಬರುವಾಗ ಪತ್ರಿಕೆ, ಪತ್ರ ತರುತ್ತದೆ. ಕೊಂಡುಕೊಳ್ಳುವ ಕಂಪೆನಿಯ ಮಾತೇ ಸರಕಾರದ ಮಾತಿಗಿಂತ ದೊಡ್ಡದು.

ಅಲ್ಲಿಯೇ ಆಲ್ ಜೆನ್ನಿಂಗ್ಸ್ ಎಂಬ ರೈಲು ದರೋಡೆಕೋರನ ಗೆಳೆತನವಾಯಿತೆಂದು ಆ ಜೆನ್ನಿಂಗ್ಸ್ ಮುಂದೆ ಬರೆದುಕೊಂಡಿದ್ದಾನೆ. ದರೋಡೆಕೋರನ ಮಾತಿಗೆ ಎಷ್ಟು ರಿಯಾಯಿತಿ ಕೊಡಬೇಕೆಂಬುದು ಓದುಗರಿಗೆ ಬಿಟ್ಟದ್ದು.

ಹೆಂಡತಿ ಮಗಳನ್ನು ಅಲ್ಲಿಗೇ ಕರೆಸಿಕೊಳ್ಳುವುದು ಪೋರ್ಟರನ ಯೋಚನೆಯಾಗಿತ್ತು. ಎಥೊಲ್‌ಗೆ ಹಡಗು ಹತ್ತುವ ಶಕ್ತಿ ಇರಲಿಲ್ಲ. ಆ ಕ್ರಿಸ್ಮಸ್‌ಗೆ ಆಕೆ ಒಂದು ಲೇಸಿನ ಕರವಸ್ತ್ರ ಹೆಣೆದು ಮಾರಿ, ಬಂದ ಹಣದಲ್ಲಿ ಗಂಡನಿಗೆ ಉಡುಗೊರೆಯ ಪೆಟ್ಟಿಗೆ ಕಳುಹಿಸಿದಳು. ಮೈ ಸುಡುವ ಜ್ವರದಲ್ಲಿ ಆ ಪೆಟ್ಟಿಗೆ ಕಟ್ಟಿದ್ದಳೆಂಬ ಸುದ್ದಿ ಅನಂತರ ಪೋರ್ಟರನಿಗೆ ತಲುಪಿತು. ಆತ ಹೊರಟುಬಿಟ್ಟ. 1897ರ ಆರಂಭದಲ್ಲಿ ಆಸ್ಟಿನ್‌ಗೆ ಮರಳಿ ನ್ಯಾಯಾಲಯಕ್ಕೆ ಶರಣಾದ. ಮತ್ತೆ ಮಾವನೇ ಜಾಮೀನು. ಜುಲೈ 25ರಂದು ಎಥೊಲ್ ತೀರಿಕೊಂಡಳು. ಕೂದಲು ಮಾರಿದ ಹೆಂಡತಿಯ ಕತೆ ಬರೆದದ್ದು ಇದಾದ ಎಂಟು ವರ್ಷಗಳ ನಂತರ, 1905ರಲ್ಲಿ. ಎರಡಕ್ಕೂ ಗಂಟು ಹಾಕಬೇಕೋ ಬೇಡವೋ, ಆದರೆ ಕರವಸ್ತ್ರದ ವಿಷಯ ತಿಳಿದ ಮೇಲೆ ಆ ಕತೆಯನ್ನು ಮೊದಲಿನಂತೆ ಓದಲು ಈ ಲೇಖಕನಿಗೆ ಆಗಿಲ್ಲ.

1898ರ ಫೆಬ್ರವರಿಯಲ್ಲಿ ವಿಚಾರಣೆ. ಪೋರ್ಟರ್ ತನ್ನ ಪರವಾಗಿ ಹೆಚ್ಚೇನೂ ಹೇಳಲಿಲ್ಲ. 854 ಡಾಲರ್ 8 ಸೆಂಟ್ ದುರುಪಯೋಗವೆಂದು ತೀರ್ಮಾನವಾಗಿ ಐದು ವರ್ಷ ಶಿಕ್ಷೆಯಾಯಿತು. ಹಣ ತಾನೇ ತೆಗೆದನೋ, ಬೇರೆಯವರ ಕೈಚಳಕಕ್ಕೆ ತಲೆ ಕೊಟ್ಟನೋ, ಬರೀ ಅಜಾಗರೂಕತೆಯೋ - ವಾದ ನಿಂತಿಲ್ಲ. ಕೌಂಟರಿನಲ್ಲಿ ಕುಳಿತು ಬಲ್ಲವರು ಒಂದಂತೂ ಹೇಳಬಹುದು: ಚೀಟಿಯಿಲ್ಲದೆ ಹಣ ಆಚೀಚೆ ಹೋಗುವ ಕಡೆ ಕೊನೆಗೆ ಸಹಿ ಹಾಕಿದವನೇ ಉತ್ತರ ಹೇಳಬೇಕು.

ಒಹಾಯೊ ರಾಜ್ಯದ ಕೊಲಂಬಸ್ ಸೆರೆಮನೆಯಲ್ಲಿ ಕೈದಿ ಸಂಖ್ಯೆ 30664. ಹಳೆಯ ಫಾರ್ಮಸಿಸ್ಟ್ ಪರವಾನಗಿ ಈಗ ಕೆಲಸಕ್ಕೆ ಬಂತು. ಸೆರೆಮನೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಔಷಧಿ ಕೆಲಸ ಸಿಕ್ಕಿತು. ಔಷಧಿ ಕೊಡುವ ಮೇಜಿನಲ್ಲೇ ಕುಳಿತು ಬರೆದ. ಹೊರಗೆ ಬರುವುದರೊಳಗೆ 14 ಕತೆಗಳು ಬೇರೆ ಬೇರೆ ಹೆಸರಿನಲ್ಲಿ ಅಚ್ಚಾದವು. ಓ. ಹೆನ್ರಿ ಎಂಬ ಹೆಸರು ಮೊದಲು ಹೆಸರು ಮಾಡಿದ್ದು 1899ರ ಡಿಸೆಂಬರಿನ ಮೆಕ್ಲೂರ್ಸ್ ಪತ್ರಿಕೆಯಲ್ಲಿ. ಕತೆಗಳು ನ್ಯೂ ಆರ್ಲಿಯನ್ಸಿನ ಒಬ್ಬ ಪರಿಚಿತರ ಮೂಲಕ ಹೋಗುತ್ತಿದ್ದುದರಿಂದ ಕತೆಗಾರ ಎಲ್ಲಿದ್ದಾನೆಂದು ಸಂಪಾದಕರಿಗೆ ಗೊತ್ತಾಗಲಿಲ್ಲ. ಮಗಳಿಗೂ ಗೊತ್ತಾಗಲಿಲ್ಲ. ಅಪ್ಪ ವ್ಯವಹಾರದ ಮೇಲೆ ದೂರ ಹೋಗಿದ್ದಾರೆಂದು ಅಜ್ಜ ಅಜ್ಜಿ ಹೇಳಿದ್ದರು; ಅಪ್ಪನಿಂದ ನಗೆಯ ಪತ್ರಗಳು ಬರುತ್ತಿದ್ದವು. ಸನ್ನಡತೆಗಾಗಿ ಶಿಕ್ಷೆ ಕಡಿಮೆಯಾಗಿ 1901ರ ಜುಲೈ 24ರಂದು ಬಿಡುಗಡೆಯಾದಾಗ ಮಾರ್ಗರೆಟ್‌ಗೆ 11 ವರ್ಷ. ಮುಂದಿನ ವರ್ಷ ಆತ ನ್ಯೂಯಾರ್ಕಿಗೆ ಹೋದ.

ಟ್ರುಹಿಯೊದ ತಿಂಗಳುಗಳು ಪುಸ್ತಕವಾಗಿ ಹೊರಬಂದದ್ದು ಅಲ್ಲಿಂದಲೇ, 1904ರಲ್ಲಿ. ಹೆಸರು ಕ್ಯಾಬೇಜಸ್ ಅಂಡ್ ಕಿಂಗ್ಸ್. ಬಿಡಿಬಿಡಿಯಾಗಿ ಬರೆದ ಕತೆಗಳನ್ನು ಒಂದೇ ದಾರದಲ್ಲಿ ಪೋಣಿಸಿ ಕಾದಂಬರಿಯಂತೆ ಮಾಡಿದ್ದು. ದೇಶದ ಹೆಸರು ಆಂಚುರಿಯಾ, ಊರು ಕೊರಾಲಿಯೊ, ಎರಡೂ ಕಲ್ಪಿತ. ಅಲ್ಲಿ ಹಣ್ಣಿನ ಕಂಪೆನಿ ಬೇಡವೆಂದರೆ ಸರಕಾರ ಬೀಳುತ್ತದೆ. ಅಲ್ಲೊಬ್ಬ ನೌಕಾಸೇನಾಧಿಪತಿ, ವಶಪಡಿಸಿಕೊಂಡ ಒಂದೇ ಒಂದು ದೋಣಿಗಾಗಿ ಮಂತ್ರಿ ತಮಾಷೆಗೆ ನೇಮಿಸಿದ ಪೆದ್ದು ಮನುಷ್ಯ. ತಮಾಷೆಯೆಂದು ತಿಳಿಯದ ಆತ ಸರಕಾರದ ಆದೇಶಕ್ಕಾಗಿ ಕಾಯುತ್ತಲೇ ಇರುತ್ತಾನೆ. ಈ ಅಧ್ಯಾಯದಲ್ಲೇ ಬನಾನಾ ರಿಪಬ್ಲಿಕ್ ಎಂಬ ಮಾತು ಮೊದಲು ಬಂದದ್ದು. ಇಂದು ನಮ್ಮ ಟಿ.ವಿ. ಚರ್ಚೆಗಳಲ್ಲಿ ದಿನಕ್ಕೊಮ್ಮೆ ಕೇಳುವ ಆ ಮಾತನ್ನು ಟಂಕಿಸಿದವನು ರಾಜ್ಯಶಾಸ್ತ್ರದ ಪ್ರೊಫೆಸರನಲ್ಲ, ಓಡಿಹೋದ ಟೆಲ್ಲರ್.

ಇನ್ನೊಬ್ಬ ಅಮೆರಿಕದ ಕಾನ್ಸಲ್, ಪ್ರೇಮದಲ್ಲಿ ಸೋತು ದೇಶ ಬಿಟ್ಟು ಬಂದ ಯುವಕ. ಕೊರಾಲಿಯೊದಲ್ಲಿ ಬೂಟಿನ ಅಂಗಡಿ ಇಡಬಹುದೇ ಎಂದು ಊರಿನಿಂದ ಪತ್ರ ಬಂದಾಗ, ಬರಿಗಾಲಿನವರೇ ತುಂಬಿರುವ ಊರಿಗೆ ಖಂಡಿತ ಬನ್ನಿ ಎಂದು ತಮಾಷೆಗೆ ಉತ್ತರಿಸುತ್ತಾನೆ. ಆ ಮುದುಕ ನಿಜವಾಗಿಯೂ ಬೂಟಿನ ಸರಕಿನೊಂದಿಗೆ ಬಂದಿಳಿಯುತ್ತಾನೆ. ಜೊತೆಗೆ ಮಗಳು, ಇವನು ಮರೆಯಲು ಓಡಿಬಂದಿದ್ದ ಅದೇ ಹುಡುಗಿ! ಕಾನ್ಸಲ್ ಮಾಡುವ ಉಪಾಯವೆಂದರೆ ತನ್ನ ಊರಿನಿಂದ 500 ಪೌಂಡ್ ಒಣ ಮುಳ್ಳುಕಾಯಿ ತರಿಸಿ ರಾತ್ರೋರಾತ್ರಿ ಬೀದಿಗಳಲ್ಲಿ ಚೆಲ್ಲಿಸುವುದು. ಬೆಳಗಾದರೆ ಊರಿಗೆ ಊರೇ ಕುಂಟುತ್ತ ಬೂಟಿನಂಗಡಿಗೆ.

ನಗು ಬರುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಸ್ಥಳೀಯರ ಕಾಲಿಗೆ ಮುಳ್ಳು ಚುಚ್ಚಿ ವ್ಯಾಪಾರ ಕುದುರಿಸುವುದು ಪರದೇಶಿಗೆ ತಮಾಷೆ, ಅಲ್ಲಿ ಹುಟ್ಟಿದವನಿಗಲ್ಲ. ಓ. ಹೆನ್ರಿ ಆ ದೇಶವನ್ನು ಹೋಟೆಲಿನ ಜಗುಲಿಯಿಂದ ನೋಡಿದವನು. ಅಲ್ಲಿನ ಜನ ಆತನಿಗೆ ಬಹುಮಟ್ಟಿಗೆ ನಾಟಕದ ಹಿಂದಿನ ಪರದೆ. ಕೆಲವೇ ತಿಂಗಳು ಇದ್ದವನು ಒಂದು ದೇಶವನ್ನು ಎಷ್ಟು ತಿಳಿದಾನು? ಆದರೆ ಆತ ಚೆನ್ನಾಗಿ ತಿಳಿದದ್ದು ಬೇರೊಂದಿತ್ತು. ಮನೆಗೆ ಹೋಗಲಾಗದೆ ಜಗುಲಿಯಲ್ಲಿ ಕುಳಿತು ಹಡಗಿನ ಹೊಗೆ ಕಾಣುವುದನ್ನು ಕಾಯುವವರನ್ನು ಆತ ಬಲ್ಲ. ಏಕೆ ಬಂದೆ ಎಂದು ಒಬ್ಬರನ್ನೊಬ್ಬರು ಕೇಳದ ಆ ಮಂದಿಯ ಚಿತ್ರ ಪುಸ್ತಕದಲ್ಲಿ ಎಲ್ಲಿಯೂ ಸುಳ್ಳೆನಿಸುವುದಿಲ್ಲ.

ಇನ್ನು ಮುಖ್ಯ ಕತೆ. ಆಂಚುರಿಯಾದ ಅಧ್ಯಕ್ಷ ಖಜಾನೆಯ 1 ಲಕ್ಷ ಡಾಲರ್ ಎತ್ತಿಕೊಂಡು ಗಾಯಕಿಯೊಬ್ಬಳೊಂದಿಗೆ ಕೊರಾಲಿಯೊಗೆ ಓಡಿಬಂದು, ಸಿಕ್ಕಿಬಿದ್ದಾಗ ಗುಂಡು ಹಾರಿಸಿಕೊಂಡು ಸತ್ತನೆಂದು ಊರೆಲ್ಲ ನಂಬಿದೆ. ಹಣ ಮಾತ್ರ ಸಿಕ್ಕಿಲ್ಲ. ಕೊನೆಯಲ್ಲಿ ತಿಳಿಯುವುದು, ಸತ್ತವನು ದೇಶದ ಅಧ್ಯಕ್ಷನೇ ಅಲ್ಲ! ನ್ಯೂಯಾರ್ಕಿನ ಒಂದು ವಿಮಾ ಕಂಪೆನಿಯ ಅಧ್ಯಕ್ಷ. ಕಂಪೆನಿಯ ಹಣದೊಂದಿಗೆ ಓಡಿಬಂದವನು. ಜೊತೆಗಿದ್ದವಳು ಆತನ ಮಗಳು. ಆಕೆಯನ್ನು ಮದುವೆಯಾದ ಅಮೆರಿಕದ ವ್ಯಾಪಾರಿ ಆ ಮೊತ್ತವನ್ನಷ್ಟೂ ನ್ಯೂ ಆರ್ಲಿಯನ್ಸ್ ಮೂಲಕ ಡ್ರಾಫ್ಟ್ ಮಾಡಿ ಕಂಪೆನಿಗೆ ಮರಳಿಸಿರುತ್ತಾನೆ. ಹಣ ತಲುಪಿತೆಂಬ ಕಂಪೆನಿಯ ಪತ್ರ ಪುಸ್ತಕದ ಕೊನೆಗಿದೆ. ಸೆರೆಮನೆಯಿಂದ ಬಂದು ಮೂರು ವರ್ಷವಾಗಿದ್ದ, ಅದನ್ನು ಯಾರಿಗೂ ಹೇಳದ ಮಾಜಿ ಟೆಲ್ಲರ್ ಬರೆದದ್ದು ಇದು. ತಂದೆ ಕದ್ದ ಹಣದ ಲೆಕ್ಕ ಮಗಳ ಕಡೆಯಿಂದ ಕಾಸಿಗೆ ಕಾಸು ತಾಳೆಯಾಗುತ್ತದೆ. ಆಗಿನ ಓದುಗರಿಗೆ ಇದು ಬರೀ ತಿರುವಾಗಿ ಕಂಡಿತು.

ನ್ಯೂಯಾರ್ಕಿನ ಉಳಿದ ವರ್ಷಗಳ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. ವರ್ಲ್ಡ್ ಪತ್ರಿಕೆಯ ಭಾನುವಾರದ ಸಂಚಿಕೆಗೆ ವಾರಕ್ಕೊಂದು ಕತೆ, ಕೈತುಂಬ ಹಣ, ಕೈಬಿಟ್ಟು ಖರ್ಚು, ಕುಡಿತ. 1907ರಲ್ಲಿ ಬಾಲ್ಯದ ಗೆಳತಿಯನ್ನು ಮದುವೆಯಾದ. ಎರಡು ವರ್ಷಕ್ಕೆ ಬೇರಾದರು. 1910ರ ಜೂನ್ 5ರಂದು ಯಕೃತ್ತು ಕೆಟ್ಟು ತೀರಿಕೊಂಡಾಗ ವಯಸ್ಸು 47. ಸೆರೆಮನೆಯ ವಿಷಯ ಓದುಗ ಲೋಕಕ್ಕೆ ತಿಳಿದದ್ದು 1916ರಲ್ಲಿ, ಆತನ ಜೀವನಚರಿತ್ರೆ ಅಚ್ಚಾದಾಗ. ಮಾರ್ಗರೆಟ್ 1927ರಲ್ಲಿ ತಾಯಿಯ ಹಾಗೆ ಕ್ಷಯದಿಂದಲೇ ತೀರಿಕೊಂಡಳು.

ತಂದೆ ಮಗಳ ಸಮಾಧಿ ನಾರ್ತ್ ಕೆರೊಲಿನಾದ ಆಶ್ವಿಲ್ ಪಟ್ಟಣದ ರಿವರ್‌ಸೈಡ್ ಸ್ಮಶಾನದಲ್ಲಿ ಅಕ್ಕಪಕ್ಕದಲ್ಲಿದೆ. ಅಲ್ಲಿಗೆ ಹೋದ ಓದುಗರು ಕಲ್ಲಿನ ಮೇಲೆ ಚಿಲ್ಲರೆ ಇಟ್ಟು ಬರುವ ರೂಢಿಯಿದೆ. ಸಾಮಾನ್ಯವಾಗಿ 1 ಡಾಲರ್ 87 ಸೆಂಟ್. ಕೂದಲು ಮಾರುವ ಮುಂಚೆ ಆ ಕತೆಯ ಹೆಂಡತಿಯ ಕೈಯಲ್ಲಿದ್ದ ಹಣ ಅಷ್ಟೇ. ಸ್ಮಶಾನದವರು ಆ ಚಿಲ್ಲರೆಯನ್ನು ಒಟ್ಟುಮಾಡಿ ಸುತ್ತಮುತ್ತಲಿನ ಗ್ರಂಥಾಲಯಗಳಿಗೆ ಕೊಡುತ್ತಾರೆ.