ಮೂಕಪ್ರಾಣಿಗಳ ಪರ ನಿಂತ ರುಕ್ಮಿಣಿದೇವಿ

ರುಕ್ಮಿಣಿದೇವಿ ಅರುಂಡೇಲ್ ಎಂದೊಡನೆ ನಮಗೆ ನೆನಪಾಗುವುದು ಭರತನಾಟ್ಯ ಹಾಗೂ 1936ರಲ್ಲಿ ಮದರಾಸಿನಲ್ಲಿ ಆರಂಭವಾದ ಕಲಾಕ್ಷೇತ್ರ. ನಮ್ಮ ವಯನಾಡಿನ ಕೊಟ್ಟಿಗೆಗಳ ದನಕರುಗಳೂ ಈ ಮಹಿಳೆಗೆ ಋಣಿಯಾಗಿವೆ ಎಂಬುದನ್ನು ಬಲ್ಲವರು ವಿರಳ.

1904ರಲ್ಲಿ ಮಧುರೆಯಲ್ಲಿ ಜನಿಸಿದ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಪ್ರಾಣಿಹಿಂಸೆಯನ್ನು ತಡೆಯಲು ತಾವೇ ಒಂದು ಮಸೂದೆಯನ್ನು ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂದು ಪ್ರಧಾನಿ ನೆಹರೂ ಭರವಸೆಯಿತ್ತಾಗ ಅದನ್ನು ಹಿಂತೆಗೆದುಕೊಂಡರು. ಛಲವನ್ನು ಮಾತ್ರ ಬಿಡಲಿಲ್ಲ. 1960ರಲ್ಲಿ ಕಾನೂನು ಬಂದಿತು. ದನವನ್ನು ಹೊಡೆದು ಹಿಂಸಿಸುವುದು, ಉಪವಾಸ ಕೆಡಹುವುದು, ಗಾಯಗೊಂಡ ಎತ್ತನ್ನು ದುಡಿಸುವುದು, ನೋವಾಗುವಂತೆ ಲಾರಿಯಲ್ಲಿ ತುಂಬಿ ಸಾಗಿಸುವುದು ಅಪರಾಧಗಳಾದವು. 1962ರಲ್ಲಿ ರಚಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

1986ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಬ್ರಿಟನ್ನಿನಲ್ಲಿ ಹುಚ್ಚು ಹಸುವಿನ ರೋಗ ಪತ್ತೆಯಾಯಿತು. ಹುಲ್ಲು ಮೇಯುವ ಹಸುವಿಗೆ ಮಾಂಸ ಮತ್ತು ಎಲುಬಿನ ಪುಡಿಯನ್ನು ತಿನ್ನಿಸಿದ್ದರಿಂದ ಹರಡಿದ ಆ ರೋಗ ಮುಂದೆ ಮನುಷ್ಯರನ್ನೂ ಬಲಿ ತೆಗೆದುಕೊಂಡಿತು. ಹಸುವಿನ ಸ್ವಭಾವವನ್ನು ಮರೆತು ಲಾಭವನ್ನಷ್ಟೇ ನೋಡಿದುದರ ಫಲವಿದು.

ವಿದ್ಯಾರ್ಥಿಗಳೇ, ಗುಂಡ್ಲುಪೇಟೆಯ ದಾರಿಯಾಗಿ ಮುತ್ತಂಗದ ಗಡಿ ದಾಟಿ ಬರುವ ದನಕ್ಕೂ ಈ ಕಾನೂನಿನ ರಕ್ಷೆಯಿದೆ. ಆದರೆ ಬಾಯಿಲ್ಲದ ಪ್ರಾಣಿ ದೂರು ಕೊಡಲಾರದು. ಅದರ ಪರವಾಗಿ ನಾವೇ ಬಾಯಿ ತೆರೆಯಬೇಕು.