ಕೈಗುಣಕ್ಕೆ ಲೆಕ್ಕ ಕೇಳಿದ ಡಾಕ್ಟರ್

ನಮ್ಮ ಹಳ್ಳಿಮೈಸೂರು ಕಡೆ ಯಾರಿಗಾದ್ರೂ ಆಪರೇಷನ್ ಅಂದ್ರೆ, ಹಾಸನಕ್ಕೆ ಹೊರಡೋ ಮುಂಚೆ ಮನೆಯವರು ವಿಚಾರಿಸೋದು ಒಂದೇ: ಆ ಡಾಕ್ಟರ್ ಕೈಗುಣ ಹೇಗೆ? ಉತ್ತರ ಅವರಿವರ ಬಾಯಿಂದ ಬರುತ್ತೆ, ಲೆಕ್ಕದಿಂದಲ್ಲ. ನೂರು ವರ್ಷಗಳ ಹಿಂದೆ ಈ ಕೈಗುಣಕ್ಕೇ ಲೆಕ್ಕ ಇಡಲು ಹೊರಟವರು ಅರ್ನೆಸ್ಟ್ ಕಾಡ್‌ಮನ್.

1869ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಮೆಡಿಕಲ್ ಓದಿದರು. ಆಗ ಆಪರೇಷನ್‌ಗೆ ಮುಂಚೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸ ವಿದ್ಯಾರ್ಥಿಗಳದ್ದು. ಯಾರು ಚೆನ್ನಾಗಿ ಕೊಡ್ತಾರೆ ಅಂತ ಗೆಳೆಯ ಹಾರ್ವೆ ಕುಶಿಂಗ್ ಜೊತೆ ಊಟದ ಪಂದ್ಯ ಕಟ್ಟಿದರು. ಇಬ್ಬರೂ ರೋಗಿಯ ನಾಡಿ, ಉಸಿರಾಟವನ್ನು ಚಾರ್ಟ್‌ನಲ್ಲಿ ಬರೆದಿಡತೊಡಗಿದರು.

ಮುಂದೆ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸರ್ಜನ್ ಆದಾಗ ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟರು. ಕಾಯಿಲೆ ಏನು, ಏನು ಮಾಡಿದ್ವಿ, ಏನು ತೊಂದರೆ ಆಯ್ತು, ಒಂದು ವರ್ಷದ ನಂತರ ಹೇಗಿದ್ದಾರೆ? ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದ್ರೆ ಕೆಲಸ ಮುಗೀಲಿಲ್ಲ ಅನ್ನೋದು ಅವರ ವಾದ. ಬಡ್ತಿಯೂ ಸೀನಿಯಾರಿಟಿ ನೋಡಿ ಅಲ್ಲ, ಫಲಿತಾಂಶ ನೋಡಿ ಸಿಗಬೇಕು ಅಂದರು. ಯಾರೂ ಒಪ್ಪಲಿಲ್ಲ. 1914ರಲ್ಲಿ ರಾಜೀನಾಮೆ ಕೊಟ್ಟರು.

ಅಷ್ಟರಲ್ಲಿ, 1911ರಲ್ಲೇ, ಸ್ವಂತ ಪುಟ್ಟ ಆಸ್ಪತ್ರೆ ತೆರೆದಿದ್ದರು. 1916ರವರೆಗೆ ಅಲ್ಲಿಂದ ಮನೆಗೆ ಹೋದ ರೋಗಿಗಳು 337, ದಾಖಲಾದ ತಪ್ಪುಗಳು 123. ಕೌಶಲದ ಕೊರತೆಯೋ, ತೀರ್ಮಾನದ ತಪ್ಪೋ, ಸಲಕರಣೆಯದ್ದೋ, ಕಾಯಿಲೆ ಗುರುತಿಸಿದ್ದೇ ತಪ್ಪೋ ಅಂತ ವಿಂಗಡಿಸಿದರು. ಎಲ್ಲವನ್ನೂ ಡಾಕ್ಟರ್ ತಲೆಗೆ ಕಟ್ಟಲಿಲ್ಲ. ರೋಗವೇ ಕೈಮೀರಿದ್ದರೆ ಅದಕ್ಕೂ ಬೇರೆ ಕಾಲಂ ಇತ್ತು. ಆಮೇಲೆ ತಮ್ಮ ತಪ್ಪುಗಳನ್ನು ತಾವೇ ಅಚ್ಚು ಹಾಕಿಸಿದರು!

1915ರ ಒಂದು ಸಭೆಯಲ್ಲಿ ದೊಡ್ಡ ವ್ಯಂಗ್ಯಚಿತ್ರ ತೋರಿಸಿದರು. ಮರಳಲ್ಲಿ ತಲೆ ಹುದುಗಿಸಿಕೊಂಡು ಡಾಕ್ಟರುಗಳಿಗೆ ಚಿನ್ನದ ಮೊಟ್ಟೆ ಇಡುವ ಉಷ್ಟ್ರಪಕ್ಷಿ. ಅಂದ್ರೆ ಕಣ್ಣುಮುಚ್ಚಿ ದುಡ್ಡು ಕೊಡುವ ಜನ. ಊರಿನ ದೊಡ್ಡ ಡಾಕ್ಟರುಗಳು ಕೆಂಡವಾದರು. ಸ್ಥಳೀಯ ವೈದ್ಯರ ಸಂಘದ ಸರ್ಜರಿ ವಿಭಾಗದ ಅಧ್ಯಕ್ಷ ಸ್ಥಾನ ಹೋಯ್ತು, ಆದಾಯ ಕುಸಿಯಿತು, ಆಸ್ಪತ್ರೆಯೂ ಮುಚ್ಚಿತು.

ಆದ್ರೂ ಲೆಕ್ಕ ಬಿಡಲಿಲ್ಲ. 1920ರಲ್ಲಿ ಮೂಳೆ ಕ್ಯಾನ್ಸರ್ ರೋಗಿಗಳ ದಾಖಲಾತಿ ಶುರು ಮಾಡಿದರು. ಯಾವ ಚಿಕಿತ್ಸೆಯಿಂದ ಯಾರು ಬದುಕಿದರು ಅಂತ ಒಂದೇ ಕಡೆ ನೋಡೋಕಾಯ್ತು. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಕಲ್ಲು ಕೂಡ ಇರಲಿಲ್ಲ. ಅದನ್ನು ಇಟ್ಟದ್ದು 2014ರಲ್ಲಿ.

ಕೋಡ್ ಕಂಪೈಲ್ ಆದ ತಕ್ಷಣ ಮುಗೀತು ಅಂದುಕೊಳ್ಳೋರು ನಾವು. ಬಳಸುವವರ ಕೈಲಿ ವರ್ಷದ ನಂತರ ಅದು ಏನಾಯ್ತು ಅಂತ ಎಷ್ಟು ಜನ ಕೇಳ್ತೀವಿ? ಕೈಗುಣ ಇರೋದು ನಿಜವೇ ಇರಬಹುದು. ಆದ್ರೆ ಬರೆದಿಟ್ಟಾಗ ಮಾತ್ರ ಅದನ್ನು ಇನ್ನೊಬ್ಬರು ಕಲೀಬಹುದು.